ಕೂದಲನ್ನು ತೀರ್ಪುಮಾಡಿದವರು ಯಾರು? ಆಫ್ರಿಕನ್-ಅಮೆರಿಕನ್ ಸಭೆಗಳ ಇತಿಹಾಸದಿಂದ ಒಂದು ಅವಲೋಕನ

ಸ್ತ್ರೀಯರ ಕೇಶಾಲಂಕಾರವನ್ನು ಕುರಿತ ಎರಡು ವಾಕ್ಯಭಾಗಗಳು ನಮ್ಮ ಪ್ರಸಂಗಪೀಠಗಳಿಂದ ಆಗಾಗ ಕೇಳಿಬರುತ್ತವೆ: 1 ತಿಮೊಥೆಯ 2:9 ಮತ್ತು 1 ಪೇತ್ರ 3:3. ಹೆಣೆದ ಜಡೆಯೂ ಚಿನ್ನವೂ ಬೆಲೆಯುಳ್ಳ ವಸ್ತ್ರವೂ ವಿಶ್ವಾಸಿಯ ನಿಜವಾದ ಭೂಷಣವಲ್ಲ, ಒಳಗಣ ಸ್ವಭಾವವೇ ಭೂಷಣ ಎಂಬುದು ಅವೆರಡರ ಸಾರ. ಯೌವನಸ್ಥರ ಕೂಟಗಳಲ್ಲಿ ಯಾರಾದರೂ ಎದ್ದುನಿಂತು, ಕೂದಲಿಗೆ ಬಣ್ಣ ಹಚ್ಚಬಹುದೇ, ಗುಂಗುರು ಕೂದಲನ್ನು ನೇರ ಮಾಡಿಸಿಕೊಳ್ಳಬಹುದೇ ಎಂದು ಕೇಳಿದರೆ ನಾವು ಈ ವಾಕ್ಯಗಳನ್ನು ತೆರೆದು, ಆಡಂಬರ ಬೇಡವೆಂದು ಉತ್ತರಿಸಿ ಮುಂದಕ್ಕೆ ಹೋಗುತ್ತೇವೆ. ಈ ಉತ್ತರ ತಪ್ಪಲ್ಲ. ಆದರೆ ಪ್ರಶ್ನೆ ಕೇಳಿದವರು ಆಡಂಬರಕ್ಕಾಗಿಯೇ ಕೇಳಿದರು ಎಂದು ಅದು ಮೊದಲೇ ನಿರ್ಧರಿಸಿಬಿಡುತ್ತದೆ. ತನ್ನ ಕೂದಲನ್ನು ಕಂಡು ಬಾಲ್ಯದಿಂದಲೂ ನಗುವವರ ನಡುವೆ ಬೆಳೆದವಳು ಅದೇ ಪ್ರಶ್ನೆಯನ್ನು ಕೇಳಿದರೆ ಆಕೆಗೆ ಈ ಉತ್ತರ ಹೊಂದುವುದೇ?

ಈ ಲೇಖನದಲ್ಲಿ ಅಮೆರಿಕದ ಆಫ್ರಿಕನ್ ಮೂಲದ ಕ್ರೈಸ್ತರ ಇತಿಹಾಸವನ್ನು ಈ ಒಂದು ವಿಷಯದ ಬೆಳಕಿನಲ್ಲಿ ನೋಡಲು ಯತ್ನಿಸುತ್ತೇವೆ. ಆ ಜನರಿಗೆ ಕೂದಲು ಎಂದೂ ಸಣ್ಣ ವಿಷಯವಾಗಿರಲಿಲ್ಲ. ಅದು ನ್ಯಾಯಾಲಯಗಳಲ್ಲಿ ಸಾಕ್ಷ್ಯವಾಯಿತು, ಸರ್ಕಾರದ ಆಜ್ಞೆಗೆ ಒಳಗಾಯಿತು, ಜೀವನೋಪಾಯವಾಯಿತು, ಸಭೆಗಳಲ್ಲಿ ವಾದಕ್ಕೆ ಕಾರಣವಾಯಿತು. ಕೂದಲನ್ನು ಬದಲಾಯಿಸುವುದು ಪಾಪವೋ ಅಲ್ಲವೋ ಎಂಬ ಪ್ರಶ್ನೆಗಿಂತ ಮೊದಲು ಸಭೆಯು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ ಎಂಬುದೇ ಆ ಇತಿಹಾಸದಿಂದ ನಾವು ಕಲಿಯಬೇಕಾದ ಪಾಠ: ದೇವರು ಕೊಟ್ಟ ಕೂದಲನ್ನು ಕೆಟ್ಟದ್ದೆಂದು ಮೊದಲು ಕರೆದವರು ಯಾರು?

ಸಭಾಪಿತೃಗಳ ಎಚ್ಚರಿಕೆ

ಕೂದಲನ್ನು ಬದಲಾಯಿಸುವುದರ ವಿರುದ್ಧ ಸಭೆಯು ಎತ್ತಿದ ಧ್ವನಿ ಬಹಳ ಹಳೆಯದು. ಕಾರ್ತೇಜಿನ ತೆರ್ತುಲಿಯನನು ಸ್ತ್ರೀಯರ ಉಡುಪನ್ನು ಕುರಿತು ಬರೆದ ಗ್ರಂಥದಲ್ಲಿ ಕೇಸರಿಬಣ್ಣ ಹಾಕಿ ಕೂದಲನ್ನು ಹೊಂಬಣ್ಣಕ್ಕೆ ತಿರುಗಿಸಿಕೊಳ್ಳುವವರನ್ನು ಖಂಡಿಸುತ್ತಾನೆ. ಒಂದು ಕೂದಲನ್ನಾದರೂ ಬೆಳ್ಳಗೆ ಅಥವಾ ಕರ್ರಗೆ ಮಾಡುವುದು ನಮ್ಮಿಂದಾಗದು ಎಂಬ ಕರ್ತನ ಮಾತನ್ನು (ಮತ್ತಾಯ 5:36) ಅವರಿಗೆ ನೆನಪಿಸುತ್ತಾನೆ. ಅಲೆಕ್ಸಾಂದ್ರಿಯದ ಕ್ಲೆಮೆಂತನು ಪರರ ಕೂದಲನ್ನು ಮುಡಿದವರನ್ನು ಕುರಿತು ಇನ್ನೂ ತೀಕ್ಷ್ಣವಾದ ಪ್ರಶ್ನೆ ಕೇಳುತ್ತಾನೆ. ಹಿರಿಯನು ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುವಾಗ ಆ ಆಶೀರ್ವಾದವು ಯಾರಿಗೆ ಸಲ್ಲುತ್ತದೆ, ಮುಂದೆ ನಿಂತವಳಿಗೋ ಅಥವಾ ಆ ಕೂದಲಿನ ಮೂಲ ಒಡತಿಗೋ ಎಂಬುದು ಅವನ ವಾದ.

ಈ ಬರಹಗಳನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಅವರ ಮುಂದೆ ಕುಳಿತಿದ್ದ ಶ್ರೋತೃಗಳು ಯಾರೆಂಬುದನ್ನು ಗಮನಿಸಬೇಕು. ದಾಸಿಯರಿಂದ ಗಂಟೆಗಟ್ಟಲೆ ತಲೆ ಹೆಣೆಸಿಕೊಳ್ಳುವಷ್ಟು ಅನುಕೂಲವುಳ್ಳ ಪಟ್ಟಣದ ಸ್ತ್ರೀಯರನ್ನು ಕುರಿತು ಅವರು ಬರೆದರು. ಕೂದಲನ್ನು ಬದಲಾಯಿಸುವುದು ಅಲ್ಲಿ ಐಶ್ವರ್ಯದ ಪ್ರದರ್ಶನವಾಗಿತ್ತು. ತಲೆ ಹೆಣೆಯುತ್ತಿದ್ದ ಆ ದಾಸಿಯ ಕೂದಲಿನ ಮಾತು ಅಲ್ಲಿ ಬರುವುದಿಲ್ಲ. ಹದಿನೈದು ಶತಮಾನಗಳ ಬಳಿಕ, ಅಟ್ಲಾಂಟಿಕ್ ಸಾಗರದ ಆಚೆಯ ತೀರದಲ್ಲಿ, ಆ ಮಾತು ಏಳಲೇಬೇಕಾಯಿತು.

ದಾಸತ್ವದ ಗುರುತು

ಪಶ್ಚಿಮ ಆಫ್ರಿಕದ ಯೊರುಬಾ, ಮೆಂಡೆ, ವೋಲೋಫ್ ಮುಂತಾದ ಜನಾಂಗಗಳಲ್ಲಿ ತಲೆಗೂದಲಿನ ಕಟ್ಟು ಒಂದು ಭಾಷೆಯಂತಿತ್ತು. ವಯಸ್ಸು, ಮದುವೆ, ಕುಲ, ಅಂತಸ್ತು, ದುಃಖ ಇವೆಲ್ಲವನ್ನೂ ಹೆಣಿಗೆಯ ವಿನ್ಯಾಸದಿಂದ ತಿಳಿಯಬಹುದಾಗಿತ್ತು. ಗುಲಾಮರ ವ್ಯಾಪಾರಿಗಳು ಸೆರೆಹಿಡಿದವರ ತಲೆಗಳನ್ನು ಬೋಳಿಸುತ್ತಿದ್ದರು. ಹಡಗಿನ ಶುಚಿತ್ವ ಅದಕ್ಕೆ ಹೇಳಿದ ಕಾರಣವಾಗಿದ್ದರೂ, ಕುಲವನ್ನೂ ಊರನ್ನೂ ಹೇಳುತ್ತಿದ್ದ ಗುರುತು ಅದರೊಂದಿಗೆ ಅಳಿಸಿಹೋಯಿತು. ಅಮೆರಿಕದ ತೋಟಗಳಲ್ಲಿ ಬೆಳೆದ ಕೂದಲಿಗೆ ಒಡೆಯರು ಇನ್ನೊಂದು ಹೆಸರಿಟ್ಟರು. ಅದನ್ನು ಕೂದಲೆಂದು ಕರೆಯದೆ ಕುರಿಯ ಉಣ್ಣೆಯೆಂದು ಕರೆದರು. ಮನುಷ್ಯನನ್ನು ಪಶುಗಳ ಸಾಲಿಗೆ ಸೇರಿಸಲು ಆ ಒಂದು ಮಾತು ಸಾಕಾಗಿತ್ತು.

ಈ ಬೈಗುಳವು ಕಾನೂನಿನ ಮಾತೂ ಆಯಿತು. 1806ರಲ್ಲಿ ವರ್ಜೀನಿಯದ ಮೇಲ್ಮನವಿ ನ್ಯಾಯಾಲಯದ ಮುಂದೆ ಹಡ್ಜಿನ್ಸ್ ಮತ್ತು ರೈಟ್ ಎಂಬ ಮೊಕದ್ದಮೆ ಬಂತು. ದಾಸತ್ವದಲ್ಲಿ ಹಿಡಿಯಲ್ಪಟ್ಟಿದ್ದ ಒಂದು ಕುಟುಂಬದ ಸ್ತ್ರೀಯರು ತಾವು ತಾಯಿಯ ಕಡೆಯಿಂದ ಅಮೆರಿಕದ ಮೂಲನಿವಾಸಿಗಳ ವಂಶದವರು, ಆದಕಾರಣ ಸ್ವತಂತ್ರರು ಎಂದು ವಾದಿಸಿದರು. ಅವರ ಪೂರ್ವಿಕಳೊಬ್ಬಳಿಗೆ ಉದ್ದವಾದ ಕಪ್ಪು ಕೂದಲಿತ್ತು ಎಂಬುದು ಅವರ ಪರವಾದ ಸಾಕ್ಷ್ಯಗಳಲ್ಲಿ ಒಂದಾಯಿತು. ನ್ಯಾಯಾಧೀಶ ಸೇಂಟ್ ಜಾರ್ಜ್ ಟಕ್ಕರ್ ತನ್ನ ಅಭಿಪ್ರಾಯದಲ್ಲಿ, ಮೈಬಣ್ಣವು ತಲೆಮಾರುಗಳಲ್ಲಿ ಮಾಸಿಹೋದರೂ ಚಪ್ಪಟೆ ಮೂಗು ಮತ್ತು ಉಣ್ಣೆಯಂಥ ಕೂದಲು ಆಫ್ರಿಕನ್ ರಕ್ತದ ಗುರುತುಗಳಾಗಿ ಉಳಿಯುತ್ತವೆ, ಅವುಗಳಲ್ಲಿಯೂ ಕೂದಲಿನ ಗುರುತೇ ಕೊನೆಯಲ್ಲಿ ಮಾಯವಾಗುವುದು ಎಂದು ಬರೆದನು. ಆ ಸ್ತ್ರೀಯರಿಗೆ ಬಿಡುಗಡೆ ದೊರೆಯಿತು. ಆದರೆ ಆ ತೀರ್ಪಿನ ನಿಯಮವು ಏನಾಗಿತ್ತು? ನೋಟಕ್ಕೆ ಬಿಳಿಯರಂತೆ ಅಥವಾ ಮೂಲನಿವಾಸಿಗಳಂತೆ ಕಾಣುವವರನ್ನು ಸ್ವತಂತ್ರರೆಂದು ಭಾವಿಸಬೇಕು, ದಾಸರೆಂದು ರುಜುವಾತುಪಡಿಸುವ ಹೊಣೆ ಒಡೆಯನದು. ಆಫ್ರಿಕನ್ನರಂತೆ ಕಾಣುವವರನ್ನು ದಾಸರೆಂದೇ ಭಾವಿಸಬೇಕು, ಸ್ವತಂತ್ರರೆಂದು ರುಜುವಾತುಪಡಿಸುವ ಹೊಣೆ ಅವರದೇ. ಅಂದರೆ ಕೂದಲಿನ ಸುರುಳಿಯು ಮನುಷ್ಯನೊಬ್ಬನ ಬಿಡುಗಡೆಗೂ ದಾಸತ್ವಕ್ಕೂ ನಡುವೆ ನಿಂತಿತ್ತು. ಮುಂದಿನ ತಲೆಮಾರುಗಳು ನೇರವಾದ ಕೂದಲನ್ನು ಒಳ್ಳೆಯ ಕೂದಲೆಂದೂ ಬಿಗಿಸುರುಳಿಯದನ್ನು ಕೆಟ್ಟ ಕೂದಲೆಂದೂ ಕರೆದಾಗ ಆ ಮಾತುಗಳ ಬೇರು ಇಲ್ಲಿತ್ತು ಎಂಬುದನ್ನು ನಾವು ಮರೆಯಬಾರದು.

ಇನ್ನೊಂದು ಆಜ್ಞೆಯನ್ನು ಇದರೊಂದಿಗೆ ಇಟ್ಟು ನೋಡಬೇಕು. 1786ರಲ್ಲಿ, ಸ್ಪೇನಿನ ಆಳ್ವಿಕೆಯಲ್ಲಿದ್ದ ಲೂಯಿಸಿಯಾನದ ಗವರ್ನರ್ ಎಸ್ತೆಬಾನ್ ಮಿರೊ, ಆಫ್ರಿಕನ್ ಮೂಲದ ಸ್ವತಂತ್ರ ಸ್ತ್ರೀಯರು ತಲೆಗೆ ಗರಿಗಳನ್ನಾಗಲಿ ಆಭರಣಗಳನ್ನಾಗಲಿ ಧರಿಸಬಾರದು, ಕೂದಲನ್ನು ವಸ್ತ್ರದಿಂದ ಕಟ್ಟಿಕೊಳ್ಳಬೇಕು ಎಂದು ಆಜ್ಞಾಪಿಸಿದನು. ತಲೆಗೆ ಕಟ್ಟುವ ಆ ವಸ್ತ್ರಕ್ಕೆ ಟಿನ್ಯೋನ್ ಎಂದು ಹೆಸರು. ಸಭೆಯಲ್ಲಿ ತಲೆಯ ಮೇಲೆ ಮುಸುಕು ಹಾಕಿಕೊಳ್ಳುವುದನ್ನು ನಾವು ಭಕ್ತಿಯ ಗುರುತೆಂದು ತಿಳಿದಿದ್ದೇವೆ. ಇಲ್ಲಿ ಮುಸುಕು ಕೀಳುಸ್ಥಾನದ ಗುರುತಾಯಿತು. ಆ ಸ್ತ್ರೀಯರು ಆಜ್ಞೆಯನ್ನು ಮೀರಲಿಲ್ಲ. ಬೆಲೆಯುಳ್ಳ, ಕಣ್ಣುಸೆಳೆಯುವ ಬಣ್ಣದ ವಸ್ತ್ರಗಳನ್ನು ಆರಿಸಿ ಎಷ್ಟು ಅಂದವಾಗಿ ಕಟ್ಟಿಕೊಂಡರೆಂದರೆ, ಅವಮಾನಕ್ಕೆಂದು ವಿಧಿಸಿದ್ದು ಅಲಂಕಾರವಾಗಿಬಿಟ್ಟಿತು.

ಕರ್ತನ ದಿನ ಮತ್ತು ತಲೆ ಬಾಚುವಿಕೆ

ತೋಟಗಳಲ್ಲಿ ದುಡಿಯುತ್ತಿದ್ದವರಿಗೆ ತಲೆ ಬಾಚಿಕೊಳ್ಳಲು ವಾರದಲ್ಲಿ ಬಿಡುವಿರಲಿಲ್ಲ, ತಕ್ಕ ಬಾಚಣಿಗೆಯೂ ಇರಲಿಲ್ಲ. 1936ರಿಂದ 1938ರವರೆಗೆ ಅಮೆರಿಕದ ಸರ್ಕಾರಿ ಯೋಜನೆಯೊಂದು ಇನ್ನೂ ಬದುಕಿದ್ದ ಮಾಜಿ ದಾಸರ ನೆನಪುಗಳನ್ನು ಬರೆದುಕೊಂಡಿತು. ಆ ನೆನಪುಗಳಲ್ಲಿ ಒಂದು ಚಿತ್ರ ಮತ್ತೆಮತ್ತೆ ಬರುತ್ತದೆ. ಕುರಿಯ ಉಣ್ಣೆ ಹಿಂಜುವ ಹಣಿಗೆಯಿಂದಲೇ ಅವರು ತಲೆ ಬಾಚಿಕೊಳ್ಳುತ್ತಿದ್ದರು. ವಾರವೆಲ್ಲ ಕೂದಲನ್ನು ಎಳೆಎಳೆಯಾಗಿ ನೂಲಿನಿಂದ ಸುತ್ತಿ ಕಟ್ಟಿ, ಮೇಲೆ ಬಟ್ಟೆ ಹಾಕಿಕೊಂಡು, ಭಾನುವಾರ ಆರಾಧನೆಗೆ ಹೋಗುವಾಗ ಬಿಚ್ಚುತ್ತಿದ್ದರು. ತಾಯಿ ಮಗಳ ತಲೆಯನ್ನು, ಅಕ್ಕ ತಂಗಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಬಾಚುವ ಸಮಯ ಅದಾಗಿತ್ತು.

ಇದನ್ನು ನಾವು ಸಬ್ಬತ್ತಿನ ಬೋಧನೆಯೊಂದಿಗೆ ಓದಬೇಕು. ಧರ್ಮೋಪದೇಶಕಾಂಡ 5:15ರಲ್ಲಿ ವಿಶ್ರಾಂತಿಯ ದಿನಕ್ಕೆ ಕೊಟ್ಟ ಕಾರಣ ಐಗುಪ್ತದ ದಾಸತ್ವದಿಂದಾದ ಬಿಡುಗಡೆ. ವಾರದ ಆರು ದಿನ ಒಡೆಯನ ಆಸ್ತಿಯಾಗಿದ್ದ ದೇಹವು ಒಂದು ದಿನ ದೇವರ ಮುಂದೆ ತನ್ನದಾಗಿ ನಿಲ್ಲುತ್ತಿತ್ತು. ತೆರ್ತುಲಿಯನನ ಕಣ್ಣಿಗೆ ಆಡಂಬರವಾಗಿ ಕಾಣಬಹುದಾಗಿದ್ದ ಆ ಭಾನುವಾರದ ಕೂದಲು, ಅವರ ಪಾಲಿಗೆ ತಾವು ಪಶುಗಳಲ್ಲ, ಮನುಷ್ಯರು ಎಂಬ ಅರಿಕೆಯಾಗಿತ್ತು.

ಸಭೆಯೊಳಗೆ ಬಂದ ಅಳತೆಗೋಲು

1865ರಲ್ಲಿ ದಾಸತ್ವ ರದ್ದಾಯಿತು. ಅದರ ಅಳತೆಗೋಲು ರದ್ದಾಗಲಿಲ್ಲ. ತಿಳಿಬಣ್ಣದವರಿಗೂ ನೇರಗೂದಲಿನವರಿಗೂ ಕೆಲಸ, ಶಿಕ್ಷಣ, ಗೌರವಗಳು ಸುಲಭವಾಗಿ ದೊರೆಯುತ್ತಿದ್ದುದರಿಂದ ಕಪ್ಪು ಜನರ ನಡುವೆಯೇ ಒಂದು ಬಗೆಯ ಮೇಲುಕೀಳು ಬೆಳೆಯಿತು. ಕೆಲವು ಸಭಾಗೃಹಗಳ ಬಾಗಿಲಲ್ಲಿ ಸಣ್ಣ ಹಲ್ಲಿನ ಬಾಚಣಿಗೆಯನ್ನು ತೂಗುಹಾಕಿದ್ದರು, ಅದು ಸರಾಗವಾಗಿ ಹಾದುಹೋಗುವ ಕೂದಲುಳ್ಳವರಿಗೆ ಮಾತ್ರ ಒಳಗೆ ಸ್ವಾಗತವಿತ್ತು ಎಂಬ ಮಾತು ಆ ಜನರ ನೆನಪಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದಿದೆ. ಹೊರಗಿನವರು ಹೇಳಿದ ಸುಳ್ಳನ್ನು ಸಭೆಯು ತನ್ನ ಬಾಗಿಲಿಗೆ ತಾನೇ ತಂದುಕೊಂಡಿತೆಂಬ ಪಶ್ಚಾತ್ತಾಪ ಆ ನೆನಪಿನಲ್ಲಿದೆ.

ಈ ಸುಳ್ಳಿನ ದೇವತಾಶಾಸ್ತ್ರೀಯ ಮೂಲವನ್ನು ಸ್ಪಷ್ಟವಾಗಿ ಗುರುತಿಸಿದವನು ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯ ಬಿಷಪ್ ಹೆನ್ರಿ ಮ್ಯಾಕ್‌ನೀಲ್ ಟರ್ನರ್. 1898ರಲ್ಲಿ ತಾನು ನಡೆಸುತ್ತಿದ್ದ ಪತ್ರಿಕೆಯಲ್ಲಿ ದೇವರು ಕಪ್ಪು ವರ್ಣದವನೆಂದು ಬರೆದು ಅವನು ಎಲ್ಲರನ್ನೂ ಬೆಚ್ಚಿಬೀಳಿಸಿದನು. ಪ್ರತಿಯೊಂದು ಜನಾಂಗವೂ ತನ್ನ ದೇವರನ್ನು ತನ್ನ ಹೋಲಿಕೆಯಲ್ಲಿ ಚಿತ್ರಿಸಿಕೊಂಡಿರುವಾಗ, ನಮ್ಮ ಜನರು ಮಾತ್ರ ಬಿಳಿಮೈಯ, ನೀಲಿಗಣ್ಣಿನ, ನೇರಗೂದಲಿನ ಮಹನೀಯನೊಬ್ಬನನ್ನು ದೇವರೆಂದು ಭಾವಿಸಿ ಅಡ್ಡಬೀಳುತ್ತಿದ್ದಾರೆ. ತಾವು ದೇವರನ್ನು ಹೋಲುತ್ತೇವೆಂದು ನಂಬದ ಜನಕ್ಕೆ ನಿರೀಕ್ಷೆಯೇ ಇಲ್ಲ ಎಂಬುದು ಅವನ ವಾದದ ಸಾರವಾಗಿತ್ತು. ದೇವರಿಗೆ ವರ್ಣವನ್ನು ಆರೋಪಿಸುವುದನ್ನು ನಾವು ಒಪ್ಪದೆ ಇರಬಹುದು. ಆದರೆ ಅವನ ಪಟ್ಟಿಯಲ್ಲಿ ನೇರವಾದ ಕೂದಲೂ ಇತ್ತು ಎಂಬುದು ಗಮನಾರ್ಹ. 1940ರಲ್ಲಿ ಶಿಕಾಗೋದ ಚಿತ್ರಕಾರ ವಾರ್ನರ್ ಸಾಲ್‌ಮನ್ ಬರೆದ ಕ್ರಿಸ್ತನ ಮುಖಚಿತ್ರವು, ಹೆಗಲ ಮೇಲೆ ಇಳಿದ ನಯವಾದ ಕಂದುಗೂದಲಿನೊಂದಿಗೆ, ಕೋಟಿಗಟ್ಟಲೆ ಪ್ರತಿಗಳಾಗಿ ಲೋಕದಲ್ಲೆಲ್ಲ ಹರಡಿತು. ನಮ್ಮ ಮನೆಗಳ ಗೋಡೆಗಳಿಗೂ ಸಂಡೇ ಸ್ಕೂಲಿನ ಕೋಣೆಗಳಿಗೂ ಅದು ಬಂದಿದೆ. ಟರ್ನರನ ಪ್ರಶ್ನೆ ಹೀಗೆ ನಮ್ಮ ಗೋಡೆಗೂ ಸೇರಿದ್ದಾಗಿದೆ.

ಇಬ್ಬರು ಸಭಾಸ್ತ್ರೀಯರು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ವಿಷಯವಾಗಿ ಎರಡು ಧ್ವನಿಗಳು ಎದ್ದವು. ಎರಡೂ ಸಭೆಯೊಳಗಿನವು, ಎರಡೂ ಸ್ತ್ರೀಯರವು.

ನ್ಯಾನಿ ಹೆಲೆನ್ ಬರೋಸ್ 1879ರಲ್ಲಿ ವರ್ಜೀನಿಯದಲ್ಲಿ ಹುಟ್ಟಿದವರು. 1900ರಲ್ಲಿ ರಿಚ್ಮಂಡಿನಲ್ಲಿ ಕೂಡಿದ ನ್ಯಾಷನಲ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ನಿನ ಮುಂದೆ ಸಭೆಯ ಸೇವೆಯಲ್ಲಿ ಸಹೋದರಿಯರಿಗೆ ಇರುವ ಅಡ್ಡಿಗಳನ್ನು ಕುರಿತು ಮಾತನಾಡಿ ಹೆಸರಾದರು. 1909ರಲ್ಲಿ ವಾಷಿಂಗ್ಟನ್ನಿನಲ್ಲಿ ಹೆಣ್ಣುಮಕ್ಕಳ ತರಬೇತಿಶಾಲೆಯನ್ನು ತೆರೆದರು. 1904ರಲ್ಲಿ ಅವರು ಬರೆದ ಲೇಖನವೊಂದರ ಶೀರ್ಷಿಕೆಯ ಅರ್ಥವೇ ಬಣ್ಣವಲ್ಲ, ಗುಣ ಎಂದು. ಮೈಯನ್ನು ಬಿಳುಪು ಮಾಡಿಕೊಳ್ಳುವ, ಕೂದಲನ್ನು ನೇರಗೊಳಿಸಿಕೊಳ್ಳುವ ಸ್ತ್ರೀಗೆ ಬದಲಾಗಬೇಕಾದದ್ದು ರೂಪವಲ್ಲ, ಮನಸ್ಸು ಎಂದು ಅವರು ಅದರಲ್ಲಿ ವಾದಿಸಿದರು. ತಮ್ಮ ಜನರು ತಿಳಿಬಣ್ಣದವರಿಗೆ ಕೊಡುತ್ತಿದ್ದ ಹೆಚ್ಚಿನ ಮಾನವನ್ನೂ ಅವರು ಬಿಡದೆ ಖಂಡಿಸಿದರು.

ಎರಡನೆಯವರು ಸಾರಾ ಬ್ರೀಡ್‌ಲವ್. 1867ರಲ್ಲಿ ಲೂಯಿಸಿಯಾನದ ಡೆಲ್ಟಾ ಎಂಬಲ್ಲಿ, ಕೆಲವೇ ವರ್ಷಗಳ ಹಿಂದೆ ದಾಸರಾಗಿದ್ದ ತಂದೆತಾಯಿಗಳಿಗೆ ಹುಟ್ಟಿದರು. ಏಳು ವರ್ಷಕ್ಕೆ ಅನಾಥರಾದರು, ಹದಿನಾಲ್ಕಕ್ಕೆ ಮದುವೆಯಾದರು, ಇಪ್ಪತ್ತಕ್ಕೆ ವಿಧವೆಯಾದರು. ಸೇಂಟ್ ಲೂಯಿಸಿಗೆ ಬಂದು ಪರರ ಬಟ್ಟೆ ಒಗೆದು ಮಗಳನ್ನು ಸಾಕಿದರು. ಅಲ್ಲಿನ ಸೇಂಟ್ ಪಾಲ್ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯ ವಿದ್ಯಾವಂತ ಸ್ತ್ರೀಯರು ಅವರಿಗೆ ಆಸರೆಯಾದರು. ಕಷ್ಟದ ದುಡಿಮೆ, ಸಾಲದ ಆಹಾರ, ನೀರಿನ ಅಭಾವ, ನೆತ್ತಿಯ ರೋಗ ಇವುಗಳಿಂದ ಆ ಕಾಲದ ಅನೇಕ ಬಡಸ್ತ್ರೀಯರಂತೆ ಅವರ ಕೂದಲೂ ಉದುರುತ್ತಿತ್ತು. ಅದೇ ಪಟ್ಟಣದಲ್ಲಿ ಕೇಶಸಂರಕ್ಷಣೆಯ ಉದ್ಯಮವನ್ನು ಬೆಳೆಸುತ್ತಿದ್ದ ಆನಿ ಟರ್ನ್‌ಬೋ ಅವರ ಮಾರಾಟಗಾರ್ತಿಯಾಗಿ ಕೆಲಸ ಮಾಡಿ, ಬಳಿಕ ತಮ್ಮದೇ ಔಷಧವನ್ನು ಸಿದ್ಧಪಡಿಸಿ, 1906ರ ಮದುವೆಯ ನಂತರ ಮೇಡಮ್ ಸಿ. ಜೆ. ವಾಕರ್ ಎಂಬ ಹೆಸರಿನಿಂದ ಪ್ರಸಿದ್ಧರಾದರು. ಪ್ರಾರ್ಥನೆಗೆ ಉತ್ತರವಾಗಿ ಕನಸಿನಲ್ಲಿ ಆ ಔಷಧದ ವಿಧಾನ ತಿಳಿದುಬಂತು ಎಂದು ಅವರು ಹೇಳುತ್ತಿದ್ದರು.

ನೆತ್ತಿಯನ್ನು ತೊಳೆದು, ಔಷಧ ಹಚ್ಚಿ, ಕಾಯಿಸಿದ ಲೋಹದ ಬಾಚಣಿಗೆಯಿಂದ ಬಾಚುವುದು ಅವರ ಪದ್ಧತಿ. ಇದು ಕೂದಲನ್ನು ನೇರಗೊಳಿಸುವ ವ್ಯಾಪಾರವೆಂಬ ಟೀಕೆಯನ್ನು ಅವರು ಒಪ್ಪಲಿಲ್ಲ. ತಮ್ಮ ಜನರು ತಮ್ಮ ಕೂದಲನ್ನು ಆರೈಕೆ ಮಾಡಿಕೊಳ್ಳಬೇಕೆಂಬುದೇ ತಮ್ಮ ಉದ್ದೇಶವೆಂದು ಹೇಳಿದರು. 1912ರಲ್ಲಿ ಶಿಕಾಗೋದಲ್ಲಿ ಕಪ್ಪು ಉದ್ಯಮಿಗಳ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿದ್ದ ಬುಕರ್ ಟಿ. ವಾಷಿಂಗ್ಟನ್ ಅವರಿಗೆ ಮಾತನಾಡಲು ಅವಕಾಶ ಕೊಡಲಿಲ್ಲ. ಆಕೆ ತಾವೇ ಎದ್ದುನಿಂತು, ಹತ್ತಿಯ ಹೊಲದಿಂದ ಬಟ್ಟೆ ಒಗೆಯುವ ಬಾನಿಗೆ, ಅಲ್ಲಿಂದ ಅಡುಗೆಮನೆಗೆ, ಅಲ್ಲಿಂದ ಸ್ವಂತ ಉದ್ಯಮಕ್ಕೆ ಬಂದ ದಾರಿಯನ್ನು ಹೇಳಿದರು. ಬಿಳಿಯರ ಮನೆಗಳಲ್ಲಿ ಬಟ್ಟೆ ಒಗೆಯುವುದನ್ನೂ ಅಡುಗೆ ಮಾಡುವುದನ್ನೂ ಬಿಟ್ಟರೆ ಬೇರೆ ದಾರಿಯಿಲ್ಲದಿದ್ದ ಸಾವಿರಾರು ಸ್ತ್ರೀಯರಿಗೆ ಅವರ ಉದ್ಯಮ ಸ್ವತಂತ್ರ ಜೀವನವನ್ನು ಕೊಟ್ಟಿತು. 1917ರಲ್ಲಿ ಆ ಸ್ತ್ರೀಯರ ಮೊದಲ ಸಮ್ಮೇಳನ ಫಿಲಡೆಲ್ಫಿಯದ ಯೂನಿಯನ್ ಬ್ಯಾಪ್ಟಿಸ್ಟ್ ಸಭಾಗೃಹದಲ್ಲಿ ಕೂಡಿತು. ಕೇಶಸಂರಕ್ಷಣೆಯ ಮಾತು ಮುಗಿದ ಮೇಲೆ ಅವರು ಅಧ್ಯಕ್ಷ ವಿಲ್ಸನ್ನರಿಗೆ ತಂತಿ ಕಳುಹಿಸಿ, ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವ ಕ್ರೌರ್ಯವನ್ನು ಕಾನೂನಿನಿಂದ ತಡೆಯಬೇಕೆಂದು ಕೇಳಿಕೊಂಡರು.

ಇವರಿಬ್ಬರಲ್ಲಿ ಯಾರು ಸರಿ? ಇತಿಹಾಸವನ್ನು ಪ್ರಸಂಗದ ದೃಷ್ಟಾಂತವಾಗಿ ಬಳಸುವ ಅವಸರದಲ್ಲಿ ಒಬ್ಬರನ್ನು ಆರಿಸಿ ಇನ್ನೊಬ್ಬರನ್ನು ಬಿಡುವುದು ಸುಲಭ. ಬರೋಸ್ ರೋಗವನ್ನು ಸರಿಯಾಗಿ ಗುರುತಿಸಿದರು. ಆತ್ಮಗೌರವವಿಲ್ಲದೆ ರೂಪವನ್ನು ಎಷ್ಟು ತಿದ್ದಿದರೂ ತಿರಸ್ಕಾರ ನಿಲ್ಲುವುದಿಲ್ಲ ಎಂದು ಎಚ್ಚರಿಸಿದರು. ವಾಕರ್ ಆ ರೋಗದಿಂದ ನರಳುತ್ತಿದ್ದ ಸ್ತ್ರೀಯರ ನೆತ್ತಿಯನ್ನೂ ಜೇಬನ್ನೂ ಕಂಡರು. ಆದರೆ ಅವರ ಕಾಯಿಸಿದ ಬಾಚಣಿಗೆಯು ಹಳೆಯ ಅಳತೆಗೋಲನ್ನು ಪ್ರಶ್ನಿಸಲಿಲ್ಲ ಎಂಬುದೂ ನಿಜ. ಒಬ್ಬರ ಬೋಧನೆ, ಇನ್ನೊಬ್ಬರ ಆರೈಕೆ ಇವೆರಡೂ ಸಭಾಪಾಲನೆಗೆ ಸೇರಿದವು ಎಂದು ನಾವು ತಿಳಿಯುತ್ತೇವೆ.

ಒಳಗಣ ಬಿಡುಗಡೆ ಮತ್ತು ಹೊರಗಣ ಕಾನೂನು

ಪುರುಷರೂ ಈ ಅಳತೆಗೋಲಿನಿಂದ ತಪ್ಪಿಸಿಕೊಳ್ಳಲಿಲ್ಲ. ಬ್ಯಾಪ್ಟಿಸ್ಟ್ ಪ್ರಸಂಗಿಯೊಬ್ಬನ ಮಗನಾಗಿ ಹುಟ್ಟಿ ಮುಂದೆ ಇಸ್ಲಾಮಿನ ಪ್ರಚಾರಕನಾದ ಮಾಲ್ಕಮ್ ಎಕ್ಸ್, 1965ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ, ಯೌವನದಲ್ಲಿ ಬಾಸ್ಟನ್ನಿನಲ್ಲಿ ಸುಡುವ ಕ್ಷಾರ, ಮೊಟ್ಟೆ, ಆಲೂಗಡ್ಡೆಗಳನ್ನು ಕಲಸಿ ತಲೆಗೆ ಹಚ್ಚಿಸಿಕೊಂಡು ಕೂದಲನ್ನು ನೇರಗೊಳಿಸಿದ್ದನ್ನು ವಿವರಿಸಿದ್ದಾನೆ. ನೆತ್ತಿ ಬೆಂಕಿಯಂತೆ ಉರಿಯುವುದನ್ನು ಸಹಿಸಿದ್ದು ಬಿಳಿಯನಂತೆ ಕಾಣುವ ಆಸೆಯಿಂದ, ಅದೇ ತನ್ನನ್ನು ತಾನು ಹೀನೈಸಿಕೊಂಡ ಮೊದಲ ದೊಡ್ಡ ಹೆಜ್ಜೆ ಎಂದು ಅವನು ಒಪ್ಪಿಕೊಳ್ಳುತ್ತಾನೆ. ಅವನು ನಮ್ಮ ವಿಶ್ವಾಸದವನಲ್ಲ. ಆದರೂ ಪಾಪದರಿಕೆಯ ರೂಪದಲ್ಲಿರುವ ಆ ಪುಟಗಳನ್ನು ಯಾವ ಸಭಾಪಾಲಕನೂ ಅಲಕ್ಷಿಸಲಾರನು.

ಅದೇ ದಶಕದಲ್ಲಿ ಕಪ್ಪು ಸುಂದರವೆಂಬ ಘೋಷಣೆ ಎದ್ದಿತು. ಸುತ್ತಲೂ ಮೇಲಕ್ಕೆದ್ದು ನಿಲ್ಲುವ ಆಫ್ರೋ ಕೂದಲು ಹೋರಾಟದ ಗುರುತಾಯಿತು. ಭಾನುವಾರದ ಕೂದಲೆಂದರೆ ನಯವಾಗಿ ಒತ್ತಿ ಬಾಚಿದ ಕೂದಲೆಂದೇ ನಂಬಿದ್ದ ಸಭೆಯ ಹಿರಿಯ ಸ್ತ್ರೀಯರಿಗೆ ಅದು ಅಶಿಸ್ತಾಗಿ ಕಂಡರೆ ಆಶ್ಚರ್ಯವಿಲ್ಲ. ಅವರ ಅಜ್ಜಿಯರು ನೂಲು ಬಿಚ್ಚಿ ದೇವರ ಮುಂದೆ ನಿಂತ ಗೌರವವನ್ನೇ ಅವರು ಬೇರೊಂದು ರೂಪದಲ್ಲಿ ಕಾಪಾಡುತ್ತಿದ್ದರು. ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯವನಾದ ಜೇಮ್ಸ್ ಕೋನ್ 1969ರಲ್ಲಿ ಕಪ್ಪು ದೇವತಾಶಾಸ್ತ್ರದ ಮೊದಲ ಗ್ರಂಥವನ್ನೂ 1970ರಲ್ಲಿ ಎರಡನೆಯದನ್ನೂ ಪ್ರಕಟಿಸಿದನು. ಕಪ್ಪು ದೇಹವನ್ನು ದೇವರ ಸೃಷ್ಟಿಯೆಂದು ಒಪ್ಪಿಕೊಳ್ಳದ ದೇವತಾಶಾಸ್ತ್ರವು ಸುವಾರ್ತೆಯ ದೇವತಾಶಾಸ್ತ್ರವಲ್ಲ ಎಂಬ ಅರಿವು ವಿದ್ಯಾಪೀಠಗಳಿಗೆ ಬಂದದ್ದು ಹೀಗೆ. ಟರ್ನರ್ ಎಪ್ಪತ್ತು ವರ್ಷಗಳ ಹಿಂದೆ ಎತ್ತಿದ ಪ್ರಶ್ನೆಯೇ ಅದು.

ಕಾನೂನು ಇನ್ನೂ ನಿಧಾನವಾಗಿ ನಡೆಯಿತು. 1981ರಲ್ಲಿ ನ್ಯೂಯಾರ್ಕಿನ ಸಂಯುಕ್ತ ಜಿಲ್ಲಾ ನ್ಯಾಯಾಲಯವು, ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆದ ಜಡೆಗಳನ್ನು ವಿಮಾನಸಂಸ್ಥೆಯೊಂದು ತನ್ನ ಕಪ್ಪು ಉದ್ಯೋಗಿಗೆ ನಿಷೇಧಿಸಿದ್ದನ್ನು ಎತ್ತಿಹಿಡಿಯಿತು. ಹೆಣಿಗೆಯು ಹುಟ್ಟಿನಿಂದ ಬಂದದ್ದಲ್ಲ, ಬದಲಾಯಿಸಬಹುದಾದದ್ದು ಎಂಬುದು ಅದರ ತರ್ಕ. 2016ರಲ್ಲಿ ಅಮೆರಿಕದ ಹನ್ನೊಂದನೆಯ ವಲಯದ ಮೇಲ್ಮನವಿ ನ್ಯಾಯಾಲಯವೂ ಜಟೆಗಳನ್ನು ಕುರಿತ ಮೊಕದ್ದಮೆಯಲ್ಲಿ ಅದೇ ತರ್ಕವನ್ನು ಅನುಸರಿಸಿತು. 1806ರಲ್ಲಿ ಕೂದಲು ಎಂದಿಗೂ ಮಾಸದ ಜನಾಂಗದ ಗುರುತಾಗಿತ್ತು. 1981ರಲ್ಲಿ ಅದು ಇಷ್ಟಬಂದಂತೆ ಬದಲಾಯಿಸಬಹುದಾದ ಅಲಂಕಾರವಾಯಿತು. ಎರಡು ತರ್ಕಗಳು ಒಂದಕ್ಕೊಂದು ವಿರುದ್ಧ; ಎರಡರ ಭಾರವೂ ಅದೇ ತಲೆಗಳ ಮೇಲೆ ಬಿತ್ತು. 2019ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು ಕೂದಲಿನ ಸ್ವರೂಪವನ್ನೂ ಜಡೆ, ಜಟೆ ಮುಂತಾದ ಕಟ್ಟುಗಳನ್ನೂ ಜನಾಂಗದ ಗುರುತಿನೊಳಗೆ ಸೇರಿಸಿ, ಅವುಗಳ ಕಾರಣದಿಂದ ಉದ್ಯೋಗದಲ್ಲಾಗಲಿ ಶಾಲೆಯಲ್ಲಾಗಲಿ ಭೇದ ಮಾಡಬಾರದೆಂದು ಕಾನೂನು ಮಾಡಿತು. ಬೇರೆ ಅನೇಕ ರಾಜ್ಯಗಳು ಅದನ್ನು ಅನುಸರಿಸಿದವು.

ಶಾಸ್ತ್ರವನ್ನು ಮತ್ತೊಮ್ಮೆ ಓದುವುದು

ಈ ಇತಿಹಾಸವನ್ನು ಕಂಡ ಬಳಿಕ ನಾವು ಮೊದಲು ಉಲ್ಲೇಖಿಸಿದ ವಾಕ್ಯಗಳಿಗೆ ಹಿಂದಿರುಗೋಣ. ತಿಮೊಥೆಯನಿಗೆ ಬರೆದ ಪತ್ರಿಕೆಯಲ್ಲಿ ಜಡೆಯ ಮಾತು ಚಿನ್ನ, ಮುತ್ತು, ಬೆಲೆಯುಳ್ಳ ಬಟ್ಟೆಗಳ ಜೊತೆಗೇ ಬರುತ್ತದೆ. ಪೇತ್ರನ ಪತ್ರಿಕೆಯಲ್ಲಿಯೂ ಹಾಗೆಯೇ. ಖಂಡನೆಯು ಐಶ್ವರ್ಯದ ಪ್ರದರ್ಶನಕ್ಕೆ ಸಂಬಂಧಿಸಿದೆ. ಬಿಗಿಸುರುಳಿಯ ಕೂದಲುಳ್ಳವರಿಗೆ ಹೆಣಿಗೆಯು ಪ್ರದರ್ಶನವಲ್ಲ. ಸಿಕ್ಕಾಗದಂತೆ, ಮುರಿಯದಂತೆ ಆ ಕೂದಲನ್ನು ಕಾಪಾಡುವ ಸಾಮಾನ್ಯ ಆರೈಕೆ ಅದು. ಅಕ್ಷರವನ್ನು ಹಿಡಿದು ಅವರ ಜಡೆಯನ್ನು ನಿಷೇಧಿಸಿದರೆ ಅಪೊಸ್ತಲನ ಉದ್ದೇಶವನ್ನೇ ತಿರುಗುಮುರುಗು ಮಾಡಿದಂತಾಗುತ್ತದೆ.

1 ಕೊರಿಂಥ 11:14–15ರಲ್ಲಿ ಪೌಲನು ಸ್ತ್ರೀಗೆ ಉದ್ದವಾದ ಕೂದಲು ಗೌರವವೆಂದು ಸ್ವಭಾವವೇ ಕಲಿಸುತ್ತದೆ ಎನ್ನುತ್ತಾನೆ. ಮೂಲದಲ್ಲಿರುವ ಫೂಸಿಸ್ ಎಂಬ ಶಬ್ದವನ್ನು ಎಲ್ಲ ಜನಾಂಗಗಳ ಶರೀರಧರ್ಮವೆಂದು ತೆಗೆದುಕೊಂಡರೆ, ಕೆಳಗಿಳಿಯದೆ ಮೇಲಕ್ಕೆ ಬೆಳೆಯುವ ಕೂದಲುಳ್ಳ ಸ್ತ್ರೀಯರನ್ನು ಗೌರವದಿಂದ ಹೊರಗಿಟ್ಟಂತಾಯಿತು. ಆದರೆ ಪೌಲನು ಆ ಭಾಗವನ್ನು ಮುಗಿಸುವುದು ಸಭೆಗಳ ಪದ್ಧತಿಯ ಮಾತಿನಿಂದ. ನಾಜೀರರ ಪ್ರತಿಜ್ಞೆಯಲ್ಲಿ (ಅರಣ್ಯಕಾಂಡ 6) ಪುರುಷನ ಉದ್ದಗೂದಲು ದೇವರಿಗೆ ಮೀಸಲಾದುದರ ಗುರುತೆಂಬುದನ್ನು ಅವನು ಬಲ್ಲವನು. ತಾನೇ ಹರಕೆ ಹೊತ್ತು ಕೆಂಖ್ರೆಯಲ್ಲಿ ತಲೆ ಬೋಳಿಸಿಕೊಂಡವನು (ಅಪೊಸ್ತಲರ ಕೃತ್ಯಗಳು 18:18). ಆದುದರಿಂದ ಅವನ ಮಾತು ಕೊರಿಂಥದವರು ಸಭ್ಯವೆಂದು ತಿಳಿದಿದ್ದ ರೂಢಿಗೆ ಸೇರಿದ್ದೇ ಹೊರತು ಎಲ್ಲ ಜನಾಂಗಗಳ ಕೂದಲಿಗೆ ಇಟ್ಟ ಅಳತೆಯಲ್ಲ ಎಂದು ಓದುವುದು ಯುಕ್ತ.

ಇನ್ನು ದಾನಿಯೇಲ 7:9 ಮತ್ತು ಪ್ರಕಟನೆ 1:14. ಮಹಾವೃದ್ಧನ ತಲೆಗೂದಲೂ ಮಹಿಮೆಗೊಂಡ ಕ್ರಿಸ್ತನ ತಲೆಗೂದಲೂ ಅಲ್ಲಿ ಉಣ್ಣೆಗೆ ಹೋಲಿಸಲ್ಪಟ್ಟಿವೆ. ಇದರಿಂದ ಕ್ರಿಸ್ತನ ಕೂದಲು ಬಿಗಿಸುರುಳಿಯದೆಂದು ಸಾಧಿಸುವವರು ಇದ್ದಾರೆ. ವ್ಯಾಖ್ಯಾನದ ದೃಷ್ಟಿಯಿಂದ ನಾವು ಅಷ್ಟು ದೂರ ಹೋಗಲಾರೆವು; ಪ್ರಕಟನೆಯ ಹೋಲಿಕೆಯಿರುವುದು ಬಿಳುಪಿನಲ್ಲಿ, ಹಿಮದ ಉಪಮೆಯೂ ಅದನ್ನೇ ಹೇಳುತ್ತದೆ. ಆದರೂ ಒಂದು ವಿಷಯ ಉಳಿಯುತ್ತದೆ. ದಾಸರನ್ನು ಹೀಗಳೆಯಲು ಒಡೆಯರು ಯಾವ ಶಬ್ದವನ್ನು ಆರಿಸಿದರೋ, ಅದೇ ಶಬ್ದವನ್ನು ಪವಿತ್ರಶಾಸ್ತ್ರವು ಸಿಂಹಾಸನದ ಮೇಲೆ ಕುಳಿತಾತನಿಗೆ ಬಳಸಲು ನಾಚಲಿಲ್ಲ.

ನಮ್ಮ ನೆರೆಯಲ್ಲಿ

ಇದೆಲ್ಲ ದೂರದೇಶದ ಸಂಗತಿಯೆಂದು ಭಾವಿಸಿದರೆ ನಾವು ನಮ್ಮ ನೆರೆಯವರನ್ನು ಮರೆತಂತೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಂಚಿನಲ್ಲಿ ಸಿದ್ದಿಗಳು ವಾಸಿಸುತ್ತಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ದಾಸರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಘಟ್ಟದ ಕಾಡು ಸೇರಿದವರು ಅವರ ಪೂರ್ವಿಕರಲ್ಲಿ ಅನೇಕರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರೂ ಇದ್ದಾರೆ. ಕನ್ನಡವನ್ನೂ ಕೊಂಕಣಿಯನ್ನೂ ಆಡುವ ಅವರನ್ನು ಬಸ್ಸಿನಲ್ಲಿಯೂ ಪೇಟೆಯಲ್ಲಿಯೂ ಯಾವ ದೇಶದವರೆಂದು ಕೇಳುವವರು ಇಂದಿಗೂ ಇದ್ದಾರೆ. ಹಾಗೆ ಕೇಳುವಾಗ ಕಣ್ಣು ಮೊದಲು ಹೋಗುವುದು ಅವರ ಕೂದಲಿನ ಕಡೆಗೆ.

ನಮ್ಮ ಭಾಷೆಯನ್ನೂ ಸ್ವಲ್ಪ ಪರೀಕ್ಷಿಸಿಕೊಳ್ಳಬೇಕು. ನೀಳವೇಣಿ, ಮೊಣಕಾಲುದ್ದದ ಜಡೆ, ಹಾವಿನಂಥ ಹೆರಳು ಎಂದು ಕನ್ನಡವು ಕೂದಲನ್ನು ಹೊಗಳಿದಾಗಲೆಲ್ಲ ಉದ್ದವನ್ನೇ ಹೆಚ್ಚಾಗಿ ಹೊಗಳಿದೆ. ಮುಂಗುರುಳು ಮುದ್ದಾದದ್ದು, ಆದರೆ ತಲೆತುಂಬ ಬಿಗಿಯಾದ ಗುಂಗುರಿದ್ದರೆ ಹೊಗಳಿಕೆಯ ಮಾತು ಸುಲಭವಾಗಿ ಬಾಯಿಗೆ ಬರುವುದಿಲ್ಲ. ತಿರುಮಲದಲ್ಲಿ ಭಕ್ತರು ಅರ್ಪಿಸಿದ ಮುಡಿಯು ಹರಾಜಾಗಿ, ಚೌರಿಯಾಗಿ, ಸಮುದ್ರದಾಚೆಯ ಕಪ್ಪು ಸ್ತ್ರೀಯರ ತಲೆಗೂ ಸೇರುತ್ತದೆ. ನೇರಗೂದಲಿನ ಹಂಬಲಕ್ಕೆ ಸರಕು ಒದಗುವುದು ನಮ್ಮ ದಕ್ಷಿಣದಿಂದಲೇ. ಆಶೀರ್ವಾದವು ಯಾರಿಗೆ ಸಲ್ಲುತ್ತದೆಂದು ಕ್ಲೆಮೆಂತನು ಕೇಳಿದ ಪ್ರಶ್ನೆಯನ್ನು ನಾವು ಇಂದು ಇಬ್ಬರ ಪರವಾಗಿ ಕೇಳಬೇಕಾಗಿದೆ: ಕೂದಲನ್ನು ಕೊಟ್ಟವಳ ಪರವಾಗಿಯೂ, ತನ್ನದು ಸಾಲದೆಂದು ನಂಬಿಸಲ್ಪಟ್ಟು ಅದನ್ನು ಕೊಂಡವಳ ಪರವಾಗಿಯೂ.

ಆದುದರಿಂದ ಕೂದಲನ್ನು ನೇರ ಮಾಡಿಸಿಕೊಳ್ಳಬಾರದೆಂಬ ಹೊಸ ನಿಯಮವನ್ನು ನಾವು ಸೂಚಿಸುವುದಿಲ್ಲ. ನೇರಗೂದಲಿನ ನಿಯಮದ ಜಾಗದಲ್ಲಿ ಗುಂಗುರಿನ ನಿಯಮವನ್ನಿಟ್ಟರೆ ನೊಗ ಬದಲಾಗುತ್ತದೆಯೇ ಹೊರತು ಬಿಡುಗಡೆಯಾಗುವುದಿಲ್ಲ. ಒತ್ತಿ ಬಾಚಿದ ಕೂದಲಿನ ಅಜ್ಜಿಯನ್ನೂ ಜಟೆಬಿಟ್ಟ ಮೊಮ್ಮಗನನ್ನೂ ಒಂದೇ ಪಂಕ್ತಿಯಲ್ಲಿ ಕರ್ತನ ಮೇಜಿಗೆ ಕರೆಯುವುದು ಸಭಾಪಾಲಕನ ಕರ್ತವ್ಯ. ಆದರೆ ಆ ಯುವತಿಯು ಎದ್ದುನಿಂತು ತನ್ನ ಕೂದಲನ್ನು ಬದಲಾಯಿಸಬಹುದೇ ಎಂದು ಕೇಳಿದಾಗ, ಉತ್ತರ ಕೊಡುವುದಕ್ಕೆ ಮೊದಲು ನಾವು ಆಕೆಯನ್ನು ಒಂದು ಮಾತು ಕೇಳಬೇಕು: ಅದು ಚೆನ್ನಾಗಿಲ್ಲವೆಂದು ನಿನಗೆ ಹೇಳಿದವರು ಯಾರು? ಆ ಉತ್ತರದಲ್ಲಿ ಸಹಪಾಠಿಗಳ ಹೆಸರು ಬರಬಹುದು, ಮನೆಯವರ ಹೆಸರು ಬರಬಹುದು, ನಮ್ಮ ಸಂಡೇ ಸ್ಕೂಲಿನ ಹೆಸರೂ ಬರಬಹುದು. ಅದನ್ನು ಪೂರ್ತಿಯಾಗಿ ಕೇಳಿಸಿಕೊಂಡ ಮೇಲೆ, ತಲೆಯ ಕೂದಲುಗಳೆಲ್ಲ ಎಣಿಕೆಯಾಗಿವೆ ಎಂಬ ಕರ್ತನ ಮಾತನ್ನು (ಮತ್ತಾಯ 10:30) ಆಕೆಯ ಮುಂದೆ ಇಡೋಣ. ಎಣಿಸಿದಾತನು ಅವುಗಳಲ್ಲಿ ಯಾವುದನ್ನೂ ಕೆಟ್ಟದ್ದೆಂದು ಬೇರ್ಪಡಿಸಿದನೆಂದು ಸುವಾರ್ತೆಯಲ್ಲಿ ಎಲ್ಲಿಯೂ ಬರೆದಿಲ್ಲ.